ಹಿತ್ತಲ ತೆಂಗು ಮತ್ತು ಕೊಟ್ಟಿಗೆಯ ಗೊಬ್ಬರಗುಂಡಿ

(ಪಶುವೈದ್ಯಾಧಿಕಾರಿಗಳು, ವಿಸ್ತರಣಾ ವಿಭಾಗ)



ಹಸುವನ್ನು ಕಾಮಧೇನು ಎಂದೂ ತೆಂಗನ್ನು ಕಲ್ಪವೃಕ್ಷ ಎಂದೂ ನಮ್ಮ ಹಿರಿಯರು ಕರೆದರು. ನಮ್ಮ ಹಳ್ಳಿಗಳಲ್ಲಿ ಇವೆರಡೂ ಒಂದೇ ಹಿತ್ತಲಿನಲ್ಲಿ ಹತ್ತಾರು ಹೆಜ್ಜೆಗಳ ಅಂತರದಲ್ಲಿ ನಿಂತಿರುತ್ತವೆ. ಇವೆರಡರ ನಡುವೆ ಗೊಬ್ಬರಗುಂಡಿ ಇರುತ್ತದೆ. ಮರಕ್ಕೆ ಬೇಕಾದ ಆಹಾರ ಸಿದ್ಧವಾಗುವುದು ಆ ಗುಂಡಿಯಲ್ಲಿಯೇ. ಮರದ ಸುಳಿಯನ್ನು ತಿನ್ನುವ ದುಂಬಿ ಹುಟ್ಟುವುದೂ ಅದೇ ಗುಂಡಿಯಲ್ಲಿ ಎಂಬುದು ಮಾತ್ರ ಅನೇಕ ಸದಸ್ಯರಿಗೆ ತಿಳಿದಿಲ್ಲ.

ತೆಂಗಿಗೂ ಪಶುವೈದ್ಯರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಘಗಳ ಸಭೆಗಳಿಗೆ ಹೋದಾಗ ರಾಸುಗಳ ಗರ್ಭಧಾರಣೆ, ಕೆಚ್ಚಲುಬಾವು ಇವುಗಳ ಬಗ್ಗೆ ಮಾತು ಮುಗಿದ ಮೇಲೆ "ಸಾರ್, ತೆಂಗಿನ ಸುಳಿ ಒಣಗುತ್ತಿದೆ, ಏನು ಮಾಡುವುದು?" ಎಂಬ ಪ್ರಶ್ನೆ ಬಾರದೆ ಇರುವುದಿಲ್ಲ. ಕಾರಣ ಹುಡುಕುತ್ತಾ ಹೋದರೆ ಹತ್ತರಲ್ಲಿ ಹಲವು ಸಲ ಕೊಟ್ಟಿಗೆಯ ಹಿಂದಿನ ಗುಂಡಿಯ ಬಳಿಗೇ ಬಂದು ನಿಲ್ಲುತ್ತೇವೆ. ಮರಕ್ಕೆ ಹಾಕಿದ ವಿಷದಿಂದ ರಾಸುಗಳಿಗೆ ಅಪಾಯವಾಗುವುದೂ ಉಂಟು. ಆದ್ದರಿಂದ ಹಿತ್ತಲಿನಲ್ಲಿ ಐದು, ಹತ್ತು ತೆಂಗಿನ ಮರ ಇಟ್ಟುಕೊಂಡಿರುವ ಹಾಲು ಉತ್ಪಾದಕರಿಗೆ ಉಪಯೋಗವಾಗುವಷ್ಟು ವಿಷಯವನ್ನು ಇಲ್ಲಿ ಕೊಡಲಾಗಿದೆ.

ಒಂದು ಹಸು, ಎಷ್ಟು ಮರ?

ಮೊದಲು ಲೆಕ್ಕ ನೋಡೋಣ. ಒಂದು ಮಿಶ್ರತಳಿ ಹಸು ದಿನಕ್ಕೆ ಸುಮಾರು 15 ಕೆ.ಜಿ. ಸಗಣಿ ಹಾಕುತ್ತದೆ. ವರ್ಷಕ್ಕೆ ಇದು 5 ಟನ್ನಿಗೂ ಹೆಚ್ಚು. ಕಳಿತು ಗೊಬ್ಬರವಾಗುವಾಗ ನೀರಿನಂಶ ಹೋಗಿ ತೂಕ ಅರ್ಧಕ್ಕಿಂತ ಕಡಿಮೆಯಾದರೂ 2 ಟನ್ ಕೊಟ್ಟಿಗೆ ಗೊಬ್ಬರ ಕೈಗೆ ಸಿಗುತ್ತದೆ. ಫಲ ಕೊಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 50 ಕೆ.ಜಿ. ಗೊಬ್ಬರ ಬೇಕು. ಅಂದರೆ ಒಂದೇ ಹಸುವಿನ ಸಗಣಿ 40 ಮರಗಳಿಗೆ ಸಾಕು. ಹಿತ್ತಲಿನ ಹತ್ತು ಮರಗಳಿಗೆ ಹಾಕಿ ಉಳಿದದ್ದು ಹೊಲಕ್ಕೆ ಹೋಗುತ್ತದೆ.

ಗೊಬ್ಬರದ ಸತ್ವವನ್ನೂ ತಿಳಿಯಿರಿ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಶೇಕಡಾ 0.5 ಸಾರಜನಕ, 0.2 ರಂಜಕ, 0.5 ಪೊಟ್ಯಾಷ್ ಇರುತ್ತದೆ. 50 ಕೆ.ಜಿ. ಗೊಬ್ಬರ ಹಾಕಿದರೆ 250 ಗ್ರಾಂ ಸಾರಜನಕ, 100 ಗ್ರಾಂ ರಂಜಕ, 250 ಗ್ರಾಂ ಪೊಟ್ಯಾಷ್ ಕೊಟ್ಟಂತಾಯಿತು. ತೆಂಗಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಪೋಷಕಾಂಶ ಪೊಟ್ಯಾಷ್. ರಾಸುವಿನ ದೇಹದಿಂದ ಹೊರಬರುವ ಪೊಟ್ಯಾಷ್‌ನಲ್ಲಿ ಹೆಚ್ಚಿನ ಭಾಗ ಸಗಣಿಯಲ್ಲಿ ಇಲ್ಲ, ಗಂಜಲದಲ್ಲಿ ಇದೆ. ನಾವು ಸಗಣಿಯನ್ನು ಜೋಪಾನವಾಗಿ ಬಾಚಿ ಗಂಜಲವನ್ನು ಮೋರಿಗೆ ಬಿಡುತ್ತೇವೆ. ಕೊಟ್ಟಿಗೆಯ ನೆಲವನ್ನು ಸ್ವಲ್ಪ ಇಳಿಜಾರಾಗಿ ಗಟ್ಟಿ ಮಾಡಿ, ಗಂಜಲ ಕಾಲುವೆಯನ್ನು ಗುಂಡಿಗೆ ತಿರುಗಿಸಿ. ನೆಲ ಗಟ್ಟಿ ಮಾಡಲು ಆಗದವರು ರಾಗಿಹುಲ್ಲಿನ ಉಳಿಕೆ ಅಥವಾ ಒಣ ತರಗನ್ನು ರಾಸುವಿನ ಕೆಳಗೆ ಹಾಸಿ ಬೆಳಿಗ್ಗೆ ಗುಂಡಿಗೆ ಸೇರಿಸಬೇಕು. ಇದರಿಂದ ಗೊಬ್ಬರದ ಸತ್ವ ಹೆಚ್ಚುತ್ತದೆ, ಕೊಟ್ಟಿಗೆ ಒಣಗಿರುತ್ತದೆ, ಕೆಚ್ಚಲುಬಾವಿನ ಭಯವೂ ಕಡಿಮೆಯಾಗುತ್ತದೆ.

ಸಸಿಯ ಆಯ್ಕೆ ಮತ್ತು ನಾಟಿ

ಹೆಣ್ಣುಕರುವನ್ನು ಆರಿಸುವಾಗ ತಾಯಿಯ ಹಾಲಿನ ಇಳುವರಿ ಕೇಳುತ್ತೇವೆ. ತೆಂಗಿನ ಸಸಿಗೂ ಅದೇ ನಿಯಮ. ಪ್ರತಿ ವರ್ಷ ತಪ್ಪದೆ ಫಲ ಕೊಡುವ ಮಧ್ಯ ವಯಸ್ಸಿನ ಮರದ ಕಾಯಿಯಿಂದ ಬೆಳೆದ ಸಸಿಯಾಗಿರಬೇಕು. ತಿಪಟೂರು, ಅರಸೀಕೆರೆ ಕಡೆಯ ಬಯಲುಸೀಮೆಗೆ ತಿಪಟೂರು ಎತ್ತರದ ತಳಿ ಒಗ್ಗಿಕೊಂಡಿದೆ. ಕೊಬ್ಬರಿಗೂ ಅದು ಹೆಸರಾದದ್ದು. ಸಸಿಗೆ 9ರಿಂದ 12 ತಿಂಗಳ ವಯಸ್ಸಾಗಿರಬೇಕು, ಕನಿಷ್ಠ 6 ಎಲೆ ಇರಬೇಕು, ಬುಡದ ಸುತ್ತಳತೆ 10 ಸೆಂ.ಮೀ. ಇರಬೇಕು. ಎಲೆ ಬೇಗನೆ ಗರಿಗರಿಯಾಗಿ ಸೀಳಿಕೊಂಡಿರುವ ಸಸಿ ಒಳ್ಳೆಯದು. ತೋಟಗಾರಿಕೆ ಇಲಾಖೆಯ ಕ್ಷೇತ್ರಗಳಲ್ಲಿ ಮತ್ತು ಮಂಡ್ಯದಲ್ಲಿರುವ ತೆಂಗು ಅಭಿವೃದ್ಧಿ ಮಂಡಳಿಯ ಕ್ಷೇತ್ರದಲ್ಲಿ ಸಸಿ ದೊರೆಯುತ್ತವೆ.

ಮರದಿಂದ ಮರಕ್ಕೆ 25 ಅಡಿ (7.5 ಮೀಟರ್) ಅಂತರ ಇರಲಿ. ಹಿತ್ತಲು ಚಿಕ್ಕದೆಂದು ಒತ್ತಾಗಿ ನೆಟ್ಟರೆ ಮರ ಬೆಳಕು ಹುಡುಕಿಕೊಂಡು ಎತ್ತರಕ್ಕೆ ಹೋಗುತ್ತದೆ, ಕಾಯಿ ಕಡಿಮೆಯಾಗುತ್ತದೆ. ಮನೆಯ ಹಂಚಿನ ಮೇಲಾಗಲಿ ರಾಸು ಕಟ್ಟುವ ಜಾಗದ ಮೇಲಾಗಲಿ ಕಾಯಿ, ಗರಿ ಬೀಳದಂತೆ ಸ್ಥಳ ಗೊತ್ತುಮಾಡಿಕೊಳ್ಳಿ. ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ತಳದಲ್ಲಿ ತೆಂಗಿನ ಮಟ್ಟೆಯನ್ನು ಒಳಭಾಗ ಮೇಲೆ ಬರುವಂತೆ ಎರಡು ಪದರ ಜೋಡಿಸಿ. ಮಟ್ಟೆ ನೀರನ್ನು ಹಿಡಿದಿಡುತ್ತದೆ. ಮೇಲ್ಮಣ್ಣು ಮತ್ತು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ಮುಕ್ಕಾಲು ಭಾಗ ತುಂಬಿ, ಮಧ್ಯದಲ್ಲಿ ಸಸಿ ನೆಡಬೇಕು. ಮೊದಲ ಎರಡು ಬೇಸಿಗೆ ಸಸಿಗೆ ನೆರಳು ಕಟ್ಟಿ, ಸುತ್ತ ಮುಳ್ಳುಬೇಲಿ ಹಾಕಿ. ಹಗ್ಗ ಬಿಚ್ಚಿಕೊಂಡ ಕರು ಒಂದೇ ಗಳಿಗೆಯಲ್ಲಿ ಸಸಿಯ ಸುಳಿ ಕಿತ್ತು ತಿನ್ನುತ್ತದೆ. ಸುಳಿ ಹೋದ ತೆಂಗು ಮತ್ತೆ ಚಿಗುರುವುದು ಕಷ್ಟ. ಬೇರೆ ಮರಗಳಂತೆ ಇದಕ್ಕೆ ಪಕ್ಕದ ರೆಂಬೆ ಇಲ್ಲ. ಇಡೀ ಮರದ ಜೀವ ಆ ಒಂದು ಸುಳಿಯಲ್ಲಿದೆ.

ಪಾತಿ, ಗೊಬ್ಬರ, ನೀರು

ದೊಡ್ಡ ಮರದ ಆಹಾರ ಹೀರುವ ಬೇರುಗಳು ಬಹುಪಾಲು ಬುಡದಿಂದ 6 ಅಡಿಯೊಳಗೆ ಇರುತ್ತವೆ. ಆದ್ದರಿಂದ 6 ಅಡಿ ತ್ರಿಜ್ಯದ ಪಾತಿ ಮಾಡಿ, ಗೊಬ್ಬರವನ್ನು ಪಾತಿಯ ತುಂಬಾ ಹರಡಿ, ಮಣ್ಣು ಮುಚ್ಚಬೇಕು. ಕಾಂಡಕ್ಕೆ ಒತ್ತಿ ರಾಶಿ ಹಾಕಿದ ಗೊಬ್ಬರ ಬೇರಿಗೆ ಸಿಗುವುದಿಲ್ಲ.

ಫಲ ಕೊಡುವ ಮರಕ್ಕೆ ವರ್ಷಕ್ಕೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರದ ಜೊತೆಗೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಕೊಡುವಂತೆ ಶಿಫಾರಸು ಇದೆ. ಗೊಬ್ಬರದ ಲೆಕ್ಕದಲ್ಲಿ ಹೇಳಬೇಕೆಂದರೆ ಯೂರಿಯಾ 1 ಕೆ.ಜಿ. 100 ಗ್ರಾಂ, ಸೂಪರ್ ಫಾಸ್ಫೇಟ್ 2 ಕೆ.ಜಿ., ಮ್ಯೂರಿಯೇಟ್ ಆಫ್ ಪೊಟ್ಯಾಷ್ 2 ಕೆ.ಜಿ. ಇದರಲ್ಲಿ ಮೂರನೆಯ ಒಂದು ಭಾಗವನ್ನು ಮುಂಗಾರಿನ ಮೊದಲ ಮಳೆ ಬಿದ್ದಾಗ, ಉಳಿದ ಎರಡು ಭಾಗವನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಣ್ಣಿನಲ್ಲಿ ತೇವ ಇರುವಾಗ ಕೊಡಿ. ನೆಟ್ಟ ಮೂರು ತಿಂಗಳಿಗೆ ಈ ಪ್ರಮಾಣದ ಹತ್ತನೇ ಒಂದು, ಎರಡನೆಯ ವರ್ಷ ಮೂರನೇ ಒಂದು, ಮೂರನೆಯ ವರ್ಷ ಮೂರನೇ ಎರಡು, ನಾಲ್ಕನೆಯ ವರ್ಷದಿಂದ ಪೂರ್ತಿ. ಮಣ್ಣು ಪರೀಕ್ಷೆ ಮಾಡಿಸಿದವರು ಅದರಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಒಲೆಯ ಬೂದಿಯನ್ನು ತಿಪ್ಪೆಗೆ ಎಸೆಯದೆ ಪಾತಿಗೆ ಹಾಕಿ, ಅದರಲ್ಲಿಯೂ ಪೊಟ್ಯಾಷ್ ಇದೆ. ಬೇಲಿಯಲ್ಲಿ ಗ್ಲಿರಿಸಿಡಿಯಾ ನೆಟ್ಟು ಅದರ ಸೊಪ್ಪನ್ನು ಪಾತಿಗೆ ಕೊಡಿ.

ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 200 ಲೀಟರ್ ನೀರು ಸಿಕ್ಕರೆ ಉತ್ತಮ. ಅಷ್ಟು ನೀರಿಲ್ಲದವರು ಪಾತಿಗೆ ಒಣಗರಿ, ಮಟ್ಟೆ ಹೊದಿಸಿ ತೇವ ಉಳಿಸಿಕೊಳ್ಳಬೇಕು. ಕೊಟ್ಟಿಗೆ ತೊಳೆದ ನೀರನ್ನು ಮರಗಳಿಗೆ ಸರದಿಯಲ್ಲಿ ತಿರುಗಿಸಿ. ದಿನವೂ ಒಂದೇ ಮರದ ಬುಡದಲ್ಲಿ ನಿಲ್ಲಲು ಬಿಡಬೇಡಿ.

ಗೊಬ್ಬರ ಹಾಕಿದ ವರ್ಷವೇ ಕಾಯಿ ಹೆಚ್ಚಲಿಲ್ಲವೆಂದು ಬೇಸರ ಪಡಬೇಡಿ. ಈ ವರ್ಷ ಅರಳುವ ಹೊಂಬಾಳೆಯ ಮೊಳಕೆ ಎರಡೂವರೆ ವರ್ಷಕ್ಕೂ ಹಿಂದೆಯೇ ಸುಳಿಯೊಳಗೆ ಮೂಡಿರುತ್ತದೆ. ಅರಳಿದ ಮೇಲೆ ಕಾಯಿ ಬಲಿಯಲು ಇನ್ನೂ 12 ತಿಂಗಳು ಬೇಕು. ಇಂದು ಚೆನ್ನಾಗಿ ಸಾಕಿದ ಹೆಣ್ಣುಕರು ಮೂರು ವರ್ಷದ ಮೇಲೆ ಹಾಲು ಕೊಡುವಂತೆ ಇದೂ.

ಗುಂಡಿಯಲ್ಲಿ ಹುಟ್ಟುವ ಶತ್ರು

ಈಗ ಮುಖ್ಯ ವಿಷಯಕ್ಕೆ ಬರೋಣ. ಬಿಚ್ಚಿಕೊಂಡ ಹೊಸ ಗರಿಯನ್ನು ಯಾರೋ ಕತ್ತರಿಯಿಂದ ಬೀಸಣಿಗೆಯಂತೆ ಕತ್ತರಿಸಿದ ಹಾಗೆ ಕಂಡರೆ ಅದು ಕೊಂಬಿನ ದುಂಬಿಯ ಕೆಲಸ. ಇದನ್ನು ರೈನಾಸರಸ್ ದುಂಬಿ ಎಂದೂ, ಕರಾವಳಿಯಲ್ಲಿ ಕುರುವಾಯಿ ಎಂದೂ ಕರೆಯುತ್ತಾರೆ. ಕಪ್ಪು ಬಣ್ಣದ, ಒಂದೂವರೆ ಎರಡು ಅಂಗುಲ ಉದ್ದದ ದುಂಬಿ. ತಲೆಯ ಮೇಲೆ ಕೊಂಬು ಇರುತ್ತದೆ. ಹಗಲು ಅಡಗಿದ್ದು ರಾತ್ರಿ ಹಾರಿ ಬಂದು ಸುಳಿಯನ್ನು ಕೊರೆಯುತ್ತದೆ. ಕೊರೆದ ತೂತಿನ ಬಾಯಲ್ಲಿ ಅಗಿದ ನಾರು ತುರುಕಿಕೊಂಡಿರುತ್ತದೆ. ಮಳೆಗಾಲದಲ್ಲಿ ಇದರ ಹಾವಳಿ ಹೆಚ್ಚು.

ನಷ್ಟ ಎಷ್ಟೆಂದು ಲೆಕ್ಕ ಹಾಕಿ. ಚೆನ್ನಾಗಿ ಬೆಳೆದ ಮರ ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ದುಂಬಿ ಸುಳಿ ಕೊರೆಯುವಾಗ ಎಳೆಯ ಹೊಂಬಾಳೆಯನ್ನೂ ಕೊರೆದರೆ ಒಂದು ಗೊನೆ ಹೋಯಿತು ಎಂದೇ ತಿಳಿಯಿರಿ. ದೊಡ್ಡ ಮರ ಇದನ್ನು ತಡೆದುಕೊಳ್ಳುತ್ತದೆ. ಎರಡು ಮೂರು ವರ್ಷದ ಸಸಿಯಾದರೆ ಬೆಳೆಯುವ ತುದಿಗೇ ಪೆಟ್ಟು ಬಿದ್ದು ಸತ್ತೇ ಹೋಗುತ್ತದೆ. ಆರೇಳು ವರ್ಷ ಕಾದು ಫಲ ಕಾಣಬೇಕಾದ ಮರವನ್ನು ಮತ್ತೆ ಮೊದಲಿನಿಂದ ನೆಡಬೇಕಾಗುತ್ತದೆ.

ಈ ದುಂಬಿ ಮೊಟ್ಟೆ ಇಡುವುದು ಮರದ ಮೇಲಲ್ಲ. ಕೊಳೆಯುತ್ತಿರುವ ಸಗಣಿ ಗೊಬ್ಬರ, ತಿಪ್ಪೆ, ಸತ್ತ ತೆಂಗಿನ ಕಾಂಡ ಮತ್ತು ಬೊಡ್ಡೆ ಇದಕ್ಕೆ ಇಷ್ಟವಾದ ಜಾಗಗಳು. ಒಂದು ಹೆಣ್ಣು ದುಂಬಿ ನೂರರ ಆಚೀಚೆ ಮೊಟ್ಟೆ ಇಡುತ್ತದೆ. 8ರಿಂದ 18 ದಿನಕ್ಕೆ ಮೊಟ್ಟೆ ಒಡೆದು ಮರಿ ಬರುತ್ತದೆ. ಬೆಳ್ಳಗೆ, ಕಂದು ತಲೆಯ, ಕೊಕ್ಕೆಯಂತೆ ಬಾಗಿಕೊಂಡಿರುವ ಈ ಮರಿಯನ್ನೇ ನಾವು ಗೊಣ್ಣೆಹುಳು ಎನ್ನುವುದು. ಇದು ಸುಮಾರು 100ರಿಂದ 180 ದಿನ ಗೊಬ್ಬರ ತಿಂದು ಹೆಬ್ಬೆರಳಿನ ಗಾತ್ರ ಬೆಳೆಯುತ್ತದೆ. ಆಮೇಲೆ 10ರಿಂದ 25 ದಿನ ಕೋಶದಲ್ಲಿದ್ದು ದುಂಬಿಯಾಗುತ್ತದೆ.

ಈ ದಿನಗಳನ್ನು ಕೂಡಿಸಿ ನೋಡಿ. ಎಷ್ಟೇ ಬೇಗವೆಂದರೂ ಮೊಟ್ಟೆಯಿಂದ ದುಂಬಿಯಾಗಲು ನಾಲ್ಕು ತಿಂಗಳು ಬೇಕು. ನಾವು ಗುಂಡಿಯನ್ನು ಬಗೆಯುವುದು ವರ್ಷಕ್ಕೊಂದು ಸಲ, ಯುಗಾದಿ ಕಳೆದು ಹೊಲಕ್ಕೆ ಗೊಬ್ಬರ ಹೊಡೆಯುವಾಗ. ಆ ಒಂದು ವರ್ಷದಲ್ಲಿ ಹುಳು ದುಂಬಿಯಾಗಿ ಹಾರಿಹೋಗಿರುತ್ತದೆ. ಅದೇ ಮೂರು ತಿಂಗಳಿಗೊಮ್ಮೆ ಗುಂಡಿ ಬಗೆದು ಹುಳು ಆರಿಸಿದರೆ ಒಂದೂ ದುಂಬಿಯಾಗುವ ಹಂತಕ್ಕೆ ಬರುವುದಿಲ್ಲ. ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಗುಂಡಿಯನ್ನು ಹೇಗೆ ನಿರ್ವಹಿಸಬೇಕು?

1. ಒಂದು ದೊಡ್ಡ ಗುಂಡಿಯ ಬದಲು ಎರಡು ಚಿಕ್ಕ ಗುಂಡಿ ಮಾಡಿ. ಒಂದರಲ್ಲಿ ಮೂರು ತಿಂಗಳ ಸಗಣಿ, ಗಂಜಲ, ಕಸ ತುಂಬಿದ ಮೇಲೆ ಅದನ್ನು ಎರಡನೆಯದಕ್ಕೆ ಸಲಿಕೆಯಿಂದ ಮಗುಚಿ ಹಾಕಿ. ಮಗುಚುವಾಗ ಕಂಡ ಗೊಣ್ಣೆಹುಳುಗಳನ್ನು ಆರಿಸಿ ತೆಗೆಯಿರಿ. ಕೋಳಿಗಳನ್ನು ಬಿಟ್ಟರೆ ಅವೇ ಹುಡುಕಿ ತಿನ್ನುತ್ತವೆ. ಮತ್ತೆ ಮೂರು ತಿಂಗಳಿಗೆ ಎರಡನೆಯ ಗುಂಡಿ ಖಾಲಿ ಮಾಡುವಾಗ ಇನ್ನೊಮ್ಮೆ ಆರಿಸಿ. ಆ ಹೊತ್ತಿಗೆ ಗೊಬ್ಬರ ಪಾತಿಗೆ ಹಾಕಲು ಸಿದ್ಧವಾಗಿರುತ್ತದೆ.

2. ತುಂಬಿದ ಗುಂಡಿಯ ಮೇಲೆ ಒಂದು ಗೇಣು ಮಣ್ಣು ಹೊದಿಸಿ ಸಗಣಿಯಿಂದ ಸಾರಿಸಿ. ಹೀಗೆ ಮಾಡಿದರೆ ದುಂಬಿ ಒಳಗೆ ಇಳಿಯುವುದು ಕಷ್ಟವಾಗುತ್ತದೆ, ಸಾರಜನಕವೂ ಆವಿಯಾಗಿ ಹೋಗುವುದಿಲ್ಲ. ಹಳೆಯ ನೈಲಾನ್ ಬಲೆ ಇದ್ದರೆ ಗುಂಡಿಯ ಮೇಲೆ ಹಾಸಿ. ರಾತ್ರಿ ಇಳಿಯುವ ದುಂಬಿಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಬೆಳಿಗ್ಗೆ ಹಾಲು ಕರೆಯಲು ಎದ್ದಾಗ ಆರಿಸಿ ಕೊಲ್ಲಬಹುದು.

3. ಹಸಿರು ಶಿಲೀಂಧ್ರ ಎಂದು ಕರೆಯುವ ಮೆಟಾರೈಜಿಯಂ ಪುಡಿಯನ್ನು ಗುಂಡಿಗೆ ಬೆರೆಸಿದರೆ ಗೊಣ್ಣೆಹುಳುಗಳಿಗೆ ರೋಗ ತಗುಲಿ ಸಾಯುತ್ತವೆ. ಸತ್ತ ಹುಳು ಗಟ್ಟಿಯಾಗಿ ಮೈಮೇಲೆ ಹಸಿರು ಬೂಷ್ಟು ಬೆಳೆದಿರುವುದನ್ನು ಕಾಣಬಹುದು. ಇದು ರಾಸುಗಳಿಗೂ ಕೋಳಿಗಳಿಗೂ ವಿಷವಲ್ಲ. ಗುಂಡಿಯಲ್ಲಿ ತೇವ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಹಾಕಿ. ಪೊಟ್ಟಣದ ಮೇಲೆ ಬರೆದ ಪ್ರಮಾಣವನ್ನು ಅನುಸರಿಸಿ.

4. ಗೋಬರ್ ಅನಿಲ ಸ್ಥಾವರ ಇದ್ದವರಿಗೆ ಅನುಕೂಲ ಹೆಚ್ಚು. ಸಗಣಿ ದಿನದಿನವೂ ಮುಚ್ಚಿದ ತೊಟ್ಟಿಗೆ ಹೋಗುವುದರಿಂದ ದುಂಬಿಗೆ ಅಲ್ಲಿ ಪ್ರವೇಶವಿಲ್ಲ. ಹೊರಬಂದ ಬಗ್ಗಡವನ್ನು ತಿಂಗಳುಗಟ್ಟಲೆ ರಾಶಿ ಹಾಕದೆ ಪಾತಿಗಳಿಗೆ ಬಿಡುತ್ತಾ ಹೋಗಿ.

5. ಸತ್ತ ತೆಂಗಿನ ಮರವನ್ನು ಹಿತ್ತಲಿನಲ್ಲಿ ಕೊಳೆಯಲು ಬಿಡಬೇಡಿ. ಕಡಿದು, ಬೊಡ್ಡೆ ಕಿತ್ತು, ಸೌದೆ ಮಾಡಿ.

ಮರದ ಮೇಲೆ ಮಾಡಬೇಕಾದ ಕೆಲಸ

ಗುಂಡಿ ಸರಿಮಾಡಿದರೂ ಪಕ್ಕದ ಹಿತ್ತಲಿನಿಂದ ದುಂಬಿ ಬರಬಹುದು. ಮಳೆಗಾಲದಲ್ಲಿ ಚಿಕ್ಕ ಗಿಡಗಳ ಸುಳಿಯನ್ನು ವಾರಕ್ಕೊಮ್ಮೆ ನೋಡಿ. ತೂತು ಕಂಡರೆ ತುದಿ ಬಾಗಿಸಿದ ಕಬ್ಬಿಣದ ಸರಳಿನಿಂದ ದುಂಬಿಯನ್ನು ಎಳೆದು ತೆಗೆಯಿರಿ. ಪುಡಿ ಮಾಡಿದ ಬೇವಿನ ಹಿಂಡಿ 250 ಗ್ರಾಂಗೆ ಅಷ್ಟೇ ಮರಳು ಬೆರೆಸಿ ಮೇಲಿನ ಮೂರು ಗರಿಗಳ ಕಂಕುಳಿಗೆ ತುಂಬಿ. ಮೇ, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಹೀಗೆ ವರ್ಷಕ್ಕೆ ಮೂರು ಸಲ. ಎಳೆಯ ಸಸಿಗಳಾದರೆ ಮೂರು ನಾಫ್ತಲೀನ್ ಗುಳಿಗೆಗಳನ್ನು ಸುಳಿಯ ಪಕ್ಕದ ಕಂಕುಳಲ್ಲಿಟ್ಟು ಮರಳು ಮುಚ್ಚಿ, 45 ದಿನಕ್ಕೊಮ್ಮೆ ಬದಲಿಸಬೇಕು. ಮಕ್ಕಳು ಇವನ್ನು ಪೆಪ್ಪರಮೆಂಟು ಎಂದು ಬಾಯಿಗೆ ಹಾಕಿಕೊಳ್ಳದಂತೆ ಎಚ್ಚರವಿರಲಿ.

ಒಂದು ಕೆ.ಜಿ. ಔಡಲ ಹಿಂಡಿಯನ್ನು 5 ಲೀಟರ್ ನೀರಿನಲ್ಲಿ ನೆನೆಸಿ ಮಡಕೆಯಲ್ಲಿಟ್ಟರೆ ವಾಸನೆಗೆ ದುಂಬಿ ಬಂದು ಬೀಳುತ್ತದೆ. ಆದರೆ ಔಡಲ ಹಿಂಡಿ ರಾಸುಗಳಿಗೆ ವಿಷ. ಕಡಲೆಕಾಯಿ ಹಿಂಡಿಯ ಚೀಲದ ಪಕ್ಕದಲ್ಲಿ ಇಡಬೇಡಿ, ಮಡಕೆಯನ್ನು ರಾಸುವಿನ ಬಾಯಿಗೆ ಎಟುಕುವಂತೆ ಇಡಬೇಡಿ.

ರಾಸು ಕಟ್ಟುವ ಮರ

ಕೊಂಬಿನ ದುಂಬಿಯ ಗಾಯದ ದಾರಿಯಲ್ಲೇ ಇನ್ನೊಂದು ಶತ್ರು ಬರುತ್ತದೆ. ಅದು ಕೆಂಪುಮೂತಿ ಹುಳು. ಇದು ಮರದ ಗಾಯಗಳಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಕಾಂಡದ ತಿರುಳನ್ನು ಒಳಗಿಂದೊಳಗೇ ತಿನ್ನುತ್ತವೆ. ತೂತಿನಿಂದ ಕಂದು ರಸ ಸೋರುವುದು, ಅಗಿದ ನಾರು ಹೊರಬರುವುದು ಇದರ ಗುರುತು. ಕಣ್ಣಿಗೆ ಬೀಳುವ ಹೊತ್ತಿಗೆ ಮರ ಉಳಿಯುವುದು ಕಷ್ಟವಾಗಿರುತ್ತದೆ. ಆದ್ದರಿಂದ ಮರಕ್ಕೆ ಗಾಯವಾಗದಂತೆ ನೋಡಿಕೊಳ್ಳುವುದೇ ಮುಖ್ಯ ಉಪಾಯ.

ನಮ್ಮಲ್ಲಿ ಗಾಯ ಮಾಡುವವರು ನಾವೇ. ತೆಂಗಿನ ಮರಕ್ಕೆ ಗೂಟದ ಬದಲು ರಾಸು ಕಟ್ಟುತ್ತೇವೆ. ಹಗ್ಗ, ಸರಪಳಿ ತಿಕ್ಕಿ ಕಾಂಡ ಸವೆಯುತ್ತದೆ. ಬಾಲ್ಟಿ ನೇತುಹಾಕಲು ಮೊಳೆ ಹೊಡೆಯುತ್ತೇವೆ. ಹತ್ತಲು ಮೆಟ್ಟಿಲು ಕಡಿಯುತ್ತೇವೆ. ರಾಸುವಿನ ಗೊರಸು ಪಾತಿಯ ಮಣ್ಣನ್ನು ಕಲ್ಲಿನಂತೆ ಮಾಡುತ್ತದೆ, ಒಂದೇ ಕಡೆ ಬಿದ್ದ ಗಂಜಲ ಎಳೆ ಬೇರನ್ನು ಸುಡುತ್ತದೆ. ಇವೆಲ್ಲವನ್ನೂ ಬಿಡಬೇಕು. ಹಸಿಗರಿ ಕಡಿಯಬೇಕಾಗಿ ಬಂದರೆ ಕಾಂಡಕ್ಕೆ ಒತ್ತಿ ಕಡಿಯದೆ ಮೂರು ನಾಲ್ಕು ಅಡಿ ಹೆಡೆಮಟ್ಟೆ ಉಳಿಸಿ.

ಮರದಡಿ ಕಟ್ಟಿದ ರಾಸುವಿಗೂ ಅಪಾಯವಿದೆ. ಕಾಯಿ, ಗರಿ ತಲೆಯ ಮೇಲೆ ಬೀಳುವುದು ಒಂದು. ಉದುರಿದ ಎಳೆಯ ಈಚುಕಾಯಿಯನ್ನು ನುಂಗಿ ಗಂಟಲಲ್ಲಿ ಸಿಕ್ಕಿಸಿಕೊಳ್ಳುವುದು ಇನ್ನೊಂದು. ರಾಸು ಕತ್ತು ಚಾಚಿ ಜೊಲ್ಲು ಸುರಿಸುತ್ತಾ ಕೆಮ್ಮುತ್ತಿದ್ದು ಎಡಹೊಟ್ಟೆ ಉಬ್ಬುತ್ತಿದ್ದರೆ ಅನುಮಾನಿಸಿ. ಕೋಲು ತುರುಕುವುದು, ಎಣ್ಣೆ ಕುಡಿಸುವುದು ಮಾಡದೆ ಕೂಡಲೇ ವೈದ್ಯರಿಗೆ ಹೇಳಿಕಳುಹಿಸಿ.

ವಿಷ ಔಷಧಿಯ ಬಗ್ಗೆ ಎಚ್ಚರಿಕೆ

ಹಿಂದೆ ದುಂಬಿಗೆಂದು ಫೋರೇಟ್ ಹರಳನ್ನು ಸುಳಿಗೆ ಹಾಕುವ ರೂಢಿ ಇತ್ತು. ಮಳೆ ನೀರಿನಲ್ಲಿ ವಿಷ ಇಳಿದು ಬುಡದ ಹುಲ್ಲಿಗೆ ಸೇರುತ್ತದೆ. ಆ ಹುಲ್ಲು ಮೇಯ್ದ ರಾಸುವಿಗೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಫೋರೇಟ್ ಅನ್ನು ದೇಶದಾದ್ಯಂತ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಹಳೆಯ ಪೊಟ್ಟಣ ಅಟ್ಟದಲ್ಲಿ ಉಳಿದಿದ್ದರೆ ಬಳಸಬೇಡಿ, ಹಿತ್ತಲಿನಲ್ಲಿ ಚೆಲ್ಲಬೇಡಿ. ಕೃಷಿ ಇಲಾಖೆಯವರನ್ನು ಕೇಳಿ ಅವರು ಹೇಳಿದಂತೆ ವಿಲೇವಾರಿ ಮಾಡಿ.

ಯಾವುದೇ ಕೀಟನಾಶಕದ ಖಾಲಿ ಡಬ್ಬಿಯನ್ನು ರಾಸುವಿಗೆ ನೀರಿಡಲು, ಹಿಂಡಿ ಅಳೆಯಲು ಉಪಯೋಗಿಸಬೇಡಿ. ವಿಷ ತಗುಲಿದ ರಾಸು ವಿಪರೀತ ಜೊಲ್ಲು ಸುರಿಸುತ್ತದೆ, ಮೈ ನಡುಗುತ್ತದೆ, ಭೇದಿಯಾಗುತ್ತದೆ, ಉಸಿರಾಟಕ್ಕೆ ಕಷ್ಟಪಡುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ. ಮೈಮೇಲೆ ಚೆಲ್ಲಿದ್ದರೆ ಸೋಪಿನ ನೀರಿನಿಂದ ತೊಳೆಯಿರಿ. ಔಷಧಿಯ ಡಬ್ಬಿಯನ್ನು ವೈದ್ಯರಿಗೆ ತೋರಿಸಿ. ಬೇಗ ಚುಚ್ಚುಮದ್ದು ಸಿಕ್ಕರೆ ರಾಸು ಬದುಕುವ ಅವಕಾಶ ಹೆಚ್ಚು. ತಡಮಾಡಿದರೆ ಕೈಮೀರುತ್ತದೆ.

ತೆಂಗಿನಡಿ ಮೇವು, ತೆಂಗಿನ ಹಿಂಡಿ

ಹಳೆಯ ಮರಗಳ ನಡುವೆ ಬೆಳಕು ಚೆನ್ನಾಗಿ ಬೀಳುತ್ತದೆ. ಅಲ್ಲಿ ಗಿನಿ ಹುಲ್ಲು ಅಥವಾ ಹೈಬ್ರಿಡ್ ನೇಪಿಯರ್ ಬೆಳೆಯಬಹುದು. ನೆರಳು ಹೆಚ್ಚಿದ್ದರೆ ಗಿನಿ ಹುಲ್ಲೇ ವಾಸಿ. ಮರದ ಬುಡದಿಂದ 6 ಅಡಿ ಬಿಟ್ಟು ನೆಡಿ. ಹುಲ್ಲಿಗೆ ಬೇರೆ ಗೊಬ್ಬರ, ಬೇರೆ ನೀರು ಕೊಡಬೇಕು. ಇಲ್ಲದಿದ್ದರೆ ಮರದ ಪಾಲನ್ನು ಹುಲ್ಲು ತಿನ್ನುತ್ತದೆ. ಬೇಲಿಯ ಮೇಲೆ ಅಗಸೆ, ನುಗ್ಗೆ ಇದ್ದರೆ ಹಸಿರು ಸೊಪ್ಪೂ ಸಿಗುತ್ತದೆ.

ಗಾಣದಿಂದ ಬರುವ ತೆಂಗಿನ ಹಿಂಡಿಯಲ್ಲಿ ಸುಮಾರು ಶೇಕಡಾ 20 ಸಸಾರಜನಕ ಇದೆ. ಹಾಲು ಕರೆಯುವ ರಾಸುಗಳಿಗೆ ಒಳ್ಳೆಯ ಆಹಾರ. ಇದನ್ನು ತಿಂದ ರಾಸುವಿನ ಬೆಣ್ಣೆ ಗಟ್ಟಿಯಾಗಿ ಬರುತ್ತದೆ. ಆದರೆ ಬೇಗ ಮುಗ್ಗುತ್ತದೆ. ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದರ ಅಂಶ ಹಾಲಿಗೂ ಇಳಿಯುತ್ತದೆ. ಹಾಲಿನಲ್ಲಿ ಇದು ಕೆ.ಜಿ.ಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮವಿದೆ. ಆದ್ದರಿಂದ ಹದಿನೈದು ದಿನಕ್ಕೆ ಬೇಕಾಗುವಷ್ಟೇ ತಂದು, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ಬೂಷ್ಟು ಬಂದದ್ದನ್ನು ಬಿಸಿಲಿಗೆ ಒಣಗಿಸಿ ತಿನ್ನಿಸುವುದು ತಪ್ಪು. ಬಿಸಿಲಿಗೆ ಬೂಷ್ಟು ಒಣಗುತ್ತದೆ, ವಿಷ ಪೂರ್ತಿ ಹೋಗುವುದಿಲ್ಲ.

ಸದಸ್ಯರ ಪ್ರಶ್ನೆಗಳು

ಪ್ರಶ್ನೆ: ಹಸಿ ಸಗಣಿಯನ್ನು ನೇರವಾಗಿ ತೆಂಗಿನ ಬುಡಕ್ಕೆ ಹಾಕಬಹುದೇ?
ಉತ್ತರ: ಬೇಡ. ಬುಡದಲ್ಲೇ ಅದು ಕೊಳೆಯತೊಡಗಿದರೆ ದುಂಬಿಯನ್ನು ಸಸಿಯ ಬಳಿಗೆ ಕರೆದಂತೆ. ಕಳಿತ ಗೊಬ್ಬರವನ್ನೇ ಹಾಕಿ ಮಣ್ಣು ಮುಚ್ಚಿ.

ಪ್ರಶ್ನೆ: ಗೊಬ್ಬರದಲ್ಲಿರುವ ಎಲ್ಲ ಹುಳುಗಳನ್ನೂ ಕೊಲ್ಲಬೇಕೇ?
ಉತ್ತರ: ಇಲ್ಲ. ಎರೆಹುಳು ಮಿತ್ರ. ಕಂದು ತಲೆ, ಕಾಲುಗಳಿದ್ದು ಕೊಕ್ಕೆಯಂತೆ ಬಾಗಿರುವ ದಪ್ಪ ಬಿಳಿ ಹುಳುವನ್ನು ಮಾತ್ರ ಆರಿಸಿ.

ಪ್ರಶ್ನೆ: ತೆಂಗಿಗೆ ಉಪ್ಪು ಹಾಕಿದರೆ ಕಾಯಿ ಹೆಚ್ಚುತ್ತದೆಯೇ?
ಉತ್ತರ: ಕರಾವಳಿಯ ಮುರಕಲ್ಲು ನೆಲದಲ್ಲಿ ಗುಂಡಿಯ ಕಲ್ಲು ಮೃದುವಾಗಲೆಂದು ನೆಡುವ ಮೊದಲು 2 ಕೆ.ಜಿ. ಉಪ್ಪು ಹಾಕುವ ಪದ್ಧತಿ ಇದೆ. ಪೊಟ್ಯಾಷ್ ಗೊಬ್ಬರಕ್ಕೆ ಉಪ್ಪು ಬದಲಿಯಲ್ಲ. ಚೌಳು ಇರುವ ನೆಲಕ್ಕೆ ಹಾಕಿದರೆ ನೆಲ ಕೆಡುತ್ತದೆ.

ಪ್ರಶ್ನೆ: ಗರಿಗಳ ಮೇಲೆ ಮಸಿ ಹಿಡಿದಂತೆ ಕಪ್ಪಾಗಿದೆ. ಏನು ಮಾಡಬೇಕು?
ಉತ್ತರ: 2016ರಲ್ಲಿ ಪೊಳ್ಳಾಚಿ ಕಡೆ ಮೊದಲು ಕಂಡು ನಂತರ ನಮ್ಮ ರಾಜ್ಯಕ್ಕೂ ಹಬ್ಬಿದ ಸುರುಳಿ ಬಿಳಿನೊಣದಿಂದ ಹೀಗಾಗುತ್ತದೆ. ನೊಣ ಸೂಸುವ ಅಂಟು ರಸದ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಇದನ್ನು ಹಿಡಿತದಲ್ಲಿಡುವ ಎನ್ಕಾರ್ಸಿಯಾ ಎಂಬ ಪರತಂತ್ರ ಜೀವಿ ತಾನಾಗಿಯೇ ತೋಟಗಳಲ್ಲಿ ಬೆಳೆಯುತ್ತದೆ. ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಅದೇ. ಕೈಗೆಟುಕುವ ಗಿಡಗಳಿಗೆ ನೀರನ್ನು ರಭಸವಾಗಿ ಹೊಡೆದು ತೊಳೆಯಿರಿ, ಬೇವಿನ ಎಣ್ಣೆ ಬಳಸಿ.

ಸಂಘದಲ್ಲಿ ಮಾಡಬಹುದಾದ ಕೆಲಸ

ಒಬ್ಬರು ಗುಂಡಿ ಬಗೆದು ಪಕ್ಕದವರು ಸುಮ್ಮನಿದ್ದರೆ ಪ್ರಯೋಜನ ಅಷ್ಟಕ್ಕಷ್ಟೆ. ದುಂಬಿಗೆ ಬೇಲಿಯ ಲೆಕ್ಕವಿಲ್ಲ. ಊರಿನಲ್ಲಿ ಸಗಣಿಗುಂಡಿ ಇರುವವರೆಲ್ಲ ಬೆಳಿಗ್ಗೆ ಸಂಜೆ ಒಂದೇ ಜಾಗದಲ್ಲಿ ಸೇರುತ್ತಾರೆ. ಅದು ನಮ್ಮ ಹಾಲಿನ ಡೇರಿ. ಬೇರೆ ಯಾವ ಇಲಾಖೆಗೂ ಇಲ್ಲದ ಈ ಅನುಕೂಲವನ್ನು ನಾವು ಬಳಸಿಕೊಳ್ಳಬೇಕು. ಆಡಳಿತ ಮಂಡಳಿಯವರು ಮೂರು ತಿಂಗಳಿಗೊಂದು ವಾರ ಗೊತ್ತುಮಾಡಿ, ಕಾರ್ಯದರ್ಶಿಗಳು ಹಾಲು ಅಳೆಯುವ ಜಾಗದಲ್ಲಿ ಫಲಕ ಬರೆದು ಹಾಕಲಿ. ಆ ವಾರ ಊರಿನ ಎಲ್ಲ ಗುಂಡಿಗಳನ್ನೂ ಮಗುಚಿ ಹುಳು ಆರಿಸುವುದು. ಮೊದಲನೆಯದನ್ನು ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ ಇಟ್ಟುಕೊಳ್ಳಿ. ಮೆಟಾರೈಜಿಯಂ ಬೇಕಾದವರ ಪಟ್ಟಿ ಮಾಡಿ ತೋಟಗಾರಿಕೆ ಇಲಾಖೆಯ ಸಹಾಯಕರನ್ನು ಸಂಘಕ್ಕೇ ಕರೆಸಿ ಮಾಹಿತಿ ಪಡೆಯಿರಿ. ಮಹಿಳಾ ಸಂಘಗಳು ಇದರಲ್ಲಿ ಮುಂದಾಗುವುದು ಹೆಚ್ಚು ಸೂಕ್ತ. ಅನೇಕ ಮನೆಗಳಲ್ಲಿ ಗುಂಡಿಗೆ ಸಗಣಿ ಹೊರುವವರು ಹೆಣ್ಣುಮಕ್ಕಳೇ, ಹುಳುವನ್ನು ಮೊದಲು ಕಾಣುವವರೂ ಅವರೇ.

ನೆನಪಿಡಿ:
* ಗೊಬ್ಬರಗುಂಡಿಯನ್ನು ಮೂರು ತಿಂಗಳಿಗೊಮ್ಮೆ ಮಗುಚಿ, ಗೊಣ್ಣೆಹುಳು ಆರಿಸಿ.
* ಗಂಜಲವನ್ನು ಗುಂಡಿಗೆ ತಿರುಗಿಸಿ.
* ಮರಕ್ಕೆ ವರ್ಷಕ್ಕೆ 50 ಕೆ.ಜಿ. ಕಳಿತ ಗೊಬ್ಬರ, ಪಾತಿಯ ತುಂಬಾ ಹರಡಿ.
* ತೆಂಗಿನ ಮರಕ್ಕೆ ರಾಸು ಕಟ್ಟಬೇಡಿ, ಮೊಳೆ ಹೊಡೆಯಬೇಡಿ.
* ಔಡಲ ಹಿಂಡಿ, ಕೀಟನಾಶಕ ರಾಸುಗಳಿಂದ ದೂರವಿರಲಿ.

ಈ ವಾರ ಬಿಡುವಾದಾಗ ಒಮ್ಮೆ ಸಲಿಕೆ ಹಿಡಿದು ನಿಮ್ಮ ಗುಂಡಿಯ ಒಂದು ಮೂಲೆಯನ್ನು ಒಂದು ಅಡಿ ಆಳಕ್ಕೆ ಬಗೆದು ನೋಡಿ. ಎಷ್ಟು ಹುಳು ಸಿಕ್ಕಿತೆಂದು ಎಣಿಸಿ, ಮುಂದಿನ ಸಭೆಯಲ್ಲಿ ತಿಳಿಸಿ.